ಹಲ್ಲಿನಣ್ಣನ ಬೆಚ್ಚಗಿನ ಕೋಣೆ

ಇದು ನಡೆದ ಕಥೆ. ಸುಳ್ಳಾಗಿದ್ದರೆ ನನ್ನ ಮುಂದಿನ ಹಲ್ಲುಗಳೆಲ್ಲ ಉದುರಿಹೋಗಲಿ ಎಂದು ಆಣೆ ಇಡುವುದಕ್ಕೂ ನಾನು ತಯಾರಿದ್ದೆ; ಆದರೆ ಉದುರಿದ್ದನ್ನು ಮತ್ತೆ ಕಟ್ಟಿಕೊಡುವವರು ನಮ್ಮ ಬೀದಿಯಲ್ಲಿ ಈಗ ಯಾರೂ ಉಳಿದಿಲ್ಲ. ಆದ್ದರಿಂದ ಆಣೆ ಬೇಡ, ಕಥೆಯಷ್ಟೇ ಇರಲಿ.

ಬೀದಿಯ ಮೂಲೆಯಲ್ಲಿರುವ ಟೈರ್ ಅಂಗಡಿಯ ಮೇಲೆ ಮೇಷ್ಟ್ರ ಆಫೀಸು. ಮೇಷ್ಟ್ರು ಒಂದು ಕಾಲದಲ್ಲಿ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದವರು. ಈಗ ಸ್ವಂತ ದುಡಿಮೆಯವರಿಗೆ ತೆರಿಗೆಯ ವಿಷಯದಲ್ಲಿ ಸಲಹೆ ಕೊಡುತ್ತಾರೆ, ಅವರ ಪರವಾಗಿ ತೆರಿಗೆ ಕಚೇರಿಗೆ ಹೋಗಿ ಮಾತಾಡುತ್ತಾರೆ. ರಬ್ಬರಿನ ವಾಸನೆ ಹೊಡೆಯುವ ಮೆಟ್ಟಿಲು ಹತ್ತಿ ಅವರ ಹತ್ತಿರ ಬರುವವರೆಲ್ಲ ಒಂದೇ ಜಾತಿ, ಯಜಮಾನ ಇಲ್ಲದವರು: ಎತ್ತರದ ಕಟ್ಟಡಗಳ ಗಾಜು ಒರೆಸುವವನು, ಪಿಯಾನೋಗಳ ಶ್ರುತಿ ಸರಿಮಾಡುವವಳು, ಒಂದೇ ವ್ಯಾನಿನ ಸಾಮ್ರಾಜ್ಯಕ್ಕೆ ತಾನೇ ರಾಜ ತಾನೇ ಡ್ರೈವರ್ ಆದವನು. ಸಂಬಳದವರ ತಲೆಯನ್ನು ಕಂಪನಿಯೇ ತಿಂಗಳು ತಿಂಗಳು ಬೋಳಿಸಿ ಕಳಿಸುತ್ತದೆ. ಇವರು ಮಾತ್ರ ವರ್ಷಕ್ಕೊಮ್ಮೆ ಕನ್ನಡಿ ಹಿಡಿದು ತಮ್ಮ ತಲೆಯನ್ನು ತಾವೇ ಬೋಳಿಸಿಕೊಳ್ಳಬೇಕು, ಕಿವಿ ಕೊಯ್ದುಕೊಳ್ಳದಂತೆ ನೋಡಿಕೊಳ್ಳುವುದು ಮೇಷ್ಟ್ರ ಕೆಲಸ. ಕಚೇರಿಗೆ ಹೋಗಿ ಕರ ಮುಗಿದರೆ ಸಾಲದು, ಕರವೂ ಮುಗಿಯಬೇಕು ಎಂದು ಅವರೇ ಒಂದು ಸಲ ಹೇಳಿ, ತಾವೇ ನಕ್ಕು, ಬೇರೆ ಯಾರೂ ನಗದಿದ್ದನ್ನು ನೋಡಿ ಕನ್ನಡಕ ಒರೆಸಿಕೊಂಡಿದ್ದರು.

ಮೇಷ್ಟ್ರಿಗೆ ಒಂದು ಗಟ್ಟಿ ನಂಬಿಕೆ ಇತ್ತು. "ಅಲ್ಲಿ ಜನ ಸೋಲೋದು ಸುಳ್ಳು ಹೇಳಿ ಅಲ್ಲ ಕಣಯ್ಯಾ, ಜಾಸ್ತಿ ಮಾತಾಡಿ." ಆದ್ದರಿಂದ ಅವರ ಆಫೀಸಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು: ತಾಲೀಮು. ವಿಚಾರಣೆಗೆ ಕರೆ ಬಂದ ಗಿರಾಕಿಯನ್ನು ಮೇಜಿನ ಈಚೆ ಕೂರಿಸಿ, ಆಚೆ ಒಬ್ಬ ಸುಳ್ಳು ಅಧಿಕಾರಿಯನ್ನು ಕೂರಿಸಿ, ಪ್ರಶ್ನೆ ಕೇಳಿಸಿ, ಉತ್ತರ ಹೇಳಿಸಿ, ಬಾಯಿ ಮುಚ್ಚುವುದನ್ನು ಕಲಿಸುವುದು. ಆ ಸುಳ್ಳು ಅಧಿಕಾರಿ ಅವರ ಬಾಮೈದ. ಎಲ್ಲರ ಬಾಯಲ್ಲೂ ಅವನು ಗಿಳಿ.

ಗಿಳಿಗೆ ನಲವತ್ತು ದಾಟಿತ್ತು. ಅಷ್ಟರಲ್ಲಿ ಅವನು ಸೋಪು ಮಾರುವ ವ್ಯಾನಿನ ಮೈಕಿನಲ್ಲಿ ಕೂಗಿದ್ದ, ಹೋಟೆಲಿನ ಬಾಗಿಲಲ್ಲಿ ನಿಂತಿದ್ದ, ಬ್ಯಾಂಕಿನಲ್ಲಿ ಟೋಕನ್ ಕೊಟ್ಟಿದ್ದ. ಎಲ್ಲ ಕಡೆ ಯಜಮಾನನ ದನಿ ಅನುಕರಿಸಿ, ಅದು ಯಜಮಾನನ ಕಿವಿಗೇ ಬಿದ್ದು, ಬಾಗಿಲು ಹಾಕಿಸಿಕೊಂಡಿದ್ದ. ಮನುಷ್ಯನ ರೋಗವೇ ಮದ್ದಾಗುವಂಥ ಕೆಲಸ ಅವನಿಗೆ ಸಿಕ್ಕಿದ್ದು ಅಕ್ಕನ ಗಂಡನ ಆಫೀಸಿನಲ್ಲಿ ಮಾತ್ರ. ವಿಚಾರಣೆಗಳಿಗೆ ಮೇಷ್ಟ್ರ ಚೀಲ ಹಿಡಿದು ಹೋಗುತ್ತಿದ್ದ. ವಾಪಸು ಬರುವಾಗ ಚೀಲದಲ್ಲಿ ಕಾಗದ, ಗಂಟಲಲ್ಲಿ ಅಧಿಕಾರಿ. ಕೆಮ್ಮಿನ ಸಾಹೇಬರನ್ನು ಅವನು ಮಾಡಿದರೆ ಕೇಳುವವರಿಗೆ ಗಂಟಲು ಕೆರೆಯುತ್ತಿತ್ತು. ಪೆನ್ನು ಸಾಹೇಬರನ್ನು ಮಾಡಿದರೆ ಮಾತೇ ಇಲ್ಲ, ಬರೀ ಟಿಕ್ ಟಿಕ್. ಇವರೆಲ್ಲರಿಗಿಂತ ಕಷ್ಟದವರು ಮೇಡಂ. ಮೇಡಂ ಜೋರು ಮಾಡುವವರಲ್ಲ. ವರ್ಷವಿಡೀ ನೆಗಡಿಯಾದಂಥ ಮೂಗಿನ ದನಿಯಲ್ಲಿ, ಮೆತ್ತಗೆ, ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಉತ್ತರ ಹೇಳಿದ ಮೇಲೂ ಸುಮ್ಮನೆ. ಆ ಮೌನದ ಗುಂಡಿಗೆ ಎಷ್ಟೋ ಜನ ತಾವಾಗಿಯೇ ತಲೆಕೆಳಗಾಗಿ ಬಿದ್ದಿದ್ದರು.

ತಾಲೀಮಿನಲ್ಲಿ ಎರಡು ಸುತ್ತು. ಮೊದಲನೆಯದು ಮೇಜಿನ ಮುಂದೆ. ಎರಡನೆಯದು ಹೇಳದೆ ಕೇಳದೆ, ಗಿರಾಕಿ ಮನೆಯಲ್ಲಿ ಇರುವಾಗ, ಅಧಿಕಾರಿಯ ದನಿಯಲ್ಲಿ ಬರುವ ಫೋನು. ಬರುತ್ತದೆ ಎಂದು ಗೊತ್ತಿರುತ್ತದೆ, ಯಾವಾಗ ಎಂದು ಗೊತ್ತಿರುವುದಿಲ್ಲ. ಎರಡನೇ ಸುತ್ತು ಗೆದ್ದವನು ಕಚೇರಿಯಲ್ಲಿ ಸೋತದ್ದಿಲ್ಲ.

ಹಲ್ಲಿನಣ್ಣ ಬಂದದ್ದು ಇಂಥ ಆಫೀಸಿಗೆ.

ಹಲ್ಲಿನಣ್ಣ ವೈದ್ಯನಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಇವನಿಗೆ ಕಳಿಸುತ್ತಾರೆ. ಇವನು ಅದಕ್ಕೆ ಸರಿಯಾಗಿ ಪಿಂಗಾಣಿಯ ಹಲ್ಲು ಮಾಡಿ ಸುಟ್ಟು ಕಳಿಸುತ್ತಾನೆ. ಕುಂಚದ ತುದಿಯಲ್ಲಿ ಹಿಟ್ಟಿನಂಥ ಪುಡಿಯನ್ನು ಪದರ ಪದರವಾಗಿ ಕೂರಿಸಿ, ಒಂದು ಸಣ್ಣ ವಿದ್ಯುತ್ ಒಲೆಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಮತ್ತೆ ಕೂರಿಸಿ, ಮತ್ತೆ ಕಾಯಿಸಿ. ಬುಡದಲ್ಲಿ ತುಸು ಹಳದಿ, ತುದಿಯಲ್ಲಿ ನೀಲಿಯ ನೆರಳು, ಸಿಗರೇಟು ಸೇದುವವನಿಗೆ ಒಂದು ಗೆರೆ ಕಂದು. ಊರಿನ ಅರ್ಧ ಜನ ಅವನು ಮಾಡಿದ್ದನ್ನು ಬಾಯಲ್ಲಿಟ್ಟುಕೊಂಡಿದ್ದರು. ಅವನ ಹೆಸರು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ಅವನದು ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಒಲೆ, ಅಚ್ಚುಗಳ ಕಪಾಟು, ಕೆಲಸದ ಮೇಜು, ಒಂದು ಸ್ಟೂಲು. ಆ ಕೋಣೆ 'ದುಡಿಮೆಗಷ್ಟೇ ಬಳಸುವ ಜಾಗ' ಎಂದು ಪ್ರತಿ ವರ್ಷ ತೋರಿಸಿ, ಅದರ ಬಾಡಿಗೆ ಮತ್ತು ಕರೆಂಟಿನ ಖರ್ಚನ್ನು ಆದಾಯದಲ್ಲಿ ಕಳೆಯುತ್ತಿದ್ದ. ಅದು ನ್ಯಾಯವಾಗಿಯೇ ಇತ್ತು, ಹೆಂಡತಿಯ ಎದೆ ಕೆಡುವವರೆಗೆ. ಇನ್ನೊಂದು ಕೋಣೆಯ ಗೋಡೆ ಸದಾ ತೇವ, ಅಲ್ಲಿ ಮಲಗಿದರೆ ಅವಳಿಗೆ ಉಸಿರು ಹತ್ತುತ್ತಿರಲಿಲ್ಲ. ಒಂದು ಚಳಿಗಾಲ ಅವನು ಮಂಚವನ್ನು ಒಲೆಯ ಪಕ್ಕಕ್ಕೆ ತಂದು ಹಾಕಿದ. ಒಲೆ ಹಲ್ಲನ್ನೂ ಕಾಯಿಸಿತು, ಹೆಂಡತಿಯನ್ನೂ ಕಾಯಿತು. ಮಂಚ ಅಲ್ಲೇ ಉಳಿಯಿತು. ಮೂರು ವರ್ಷ ಕಳೆದರೂ ಕಾಗದದಲ್ಲಿ ಆ ಕೋಣೆ ದುಡಿಮೆಗಷ್ಟೇ ಇತ್ತು. ಈಗ ಅದರ ಬಗ್ಗೆಯೇ ವಿಚಾರಣೆಗೆ ಕರೆ ಬಂದಿತ್ತು.

ಮೊದಲನೇ ಸುತ್ತಿನಲ್ಲಿ ಗಿಳಿ ಮೇಡಂ ಆಗಿ ಕೂತ. ಕುತ್ತಿಗೆ ಸ್ವಲ್ಪ ವಾಲಿಸಿ, ಮೂಗಿನ ದನಿಯಲ್ಲಿ, "ಆ ಕೋಣೇಲಿ ಕೆಲಸ ಬಿಟ್ಟು ಬೇರೇನಾದ್ರೂ ನಡೆಯುತ್ತಾ?" ಎಂದ. ಸುಮ್ಮನಾದ.

"ಇಲ್ಲ ಮೇಡಂ," ಎಂದ ಹಲ್ಲಿನಣ್ಣ.

ಗಿಳಿ ಸುಮ್ಮನೇ ಇದ್ದ.

"ಅಂದ್ರೆ... ಕೆಲಸಾನೇ ಮೇಡಂ. ಹಗಲೆಲ್ಲ ಕೆಲಸ."

ಗಿಳಿ ಸುಮ್ಮನೇ ಇದ್ದ.

"ರಾತ್ರಿ ಇವಳು ಮಲಗ್ತಾಳೆ. ಹಗಲೂ ಮಲಗಿರ್ತಾಳೆ. ಅವಳಿಗೆ ಉಸಿರಾಡೋಕ್ಕಾಗಲ್ಲ ಮೇಡಂ, ಆ ಕಡೆ ಗೋಡೆ ನೀವೇ ಬಂದು ಮುಟ್ಟಿ ನೋಡಿ, ಒದ್ದೆ ಬಟ್ಟೆ ಇದ್ದಂಗಿದೆ..."

ಮೇಷ್ಟ್ರು ಮೇಜು ಬಡಿದರು. "ಸಾಕು! ಏನಯ್ಯಾ ಇದು? ಅಲ್ಲಿ ಮಂಚ ಇದೆಯಾ?"

"ಇದೆ ಸಾರ್."

"ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಒಲೆ ಬಗ್ಗೆ ಕೇಳಿದ್ರಿ, ಮೇಜಿನ ಬಗ್ಗೆ ಕೇಳಿದ್ರಿ. ಮಂಚ ಯಾವತ್ತು ಕೇಳಿದ್ರಿ? ಮಲಗೋದಕ್ಕೂ ತೆರಿಗೆಗೂ ಏನ್ ಸಾರ್ ಸಂಬಂಧ?"

ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು. ಮೇಷ್ಟ್ರು ಕುರ್ಚಿಯನ್ನು ಹಲ್ಲಿನಣ್ಣನ ಹತ್ತಿರ ಎಳೆದುಕೊಂಡು, ಟ್ಯುಟೋರಿಯಲ್‌ನಲ್ಲಿ ದಡ್ಡ ಹುಡುಗರಿಗೆ ಹೇಳುತ್ತಿದ್ದಂತೆ ಹೇಳಿದರು.

"ಸರಿಯಾಗಿ ಕೇಳ್ಕೋ. ನಾವಾಗಿ ಹೇಳಿದ್ರೆ ಅದು ತಪ್ಪು. ತಪ್ಪಿಗೆ ತಿದ್ದುಪಡಿ ಇದೆ, ಕಂತು ಇದೆ. ಮುಚ್ಚಿಟ್ಟು, ಅವರಾಗಿ ಹಿಡಿದ್ರೆ ಅದು ಮೋಸ. ಮೋಸಕ್ಕೆ ದಂಡ, ಅದೂ ಒಂದೇ ಏಟಿಗೆ. ನಿನ್ನ ಹತ್ರ ಒಂದೇ ಏಟಿಗೆ ಕೊಡೋಕೆ ಏನಿದೆ?"

"ಏನೂ ಇಲ್ಲ ಸಾರ್."

"ಒಲೆ ಇದೆ. ಅದನ್ನೇ ಎತ್ಕೊಂಡು ಹೋಗ್ತಾರೆ."

ಒಲೆ ಹೋದರೆ ಹಲ್ಲಿಲ್ಲ, ಹಲ್ಲಿಲ್ಲದಿದ್ದರೆ ಬಾಡಿಗೆ ಇಲ್ಲ, ಅಷ್ಟು ಲೆಕ್ಕ ಹಲ್ಲಿನಣ್ಣನಿಗೆ ಬರುತ್ತಿತ್ತು. ಅವನು ಯೋಚಿಸುತ್ತಿದ್ದದ್ದು ಅದನ್ನಲ್ಲ. ಚಳಿಗಾಲ ಇನ್ನೂ ಅರ್ಧ ಬಾಕಿ ಇತ್ತು.

"ಮೇಡಂ ಕೇಳೋ ಮುಂಚೆ ನೀನೇ ಹೇಳ್ಬೇಕು," ಎಂದು ಮೇಷ್ಟ್ರು ಒಂದು ವಾಕ್ಯ ಕಟ್ಟಿಕೊಟ್ಟರು. "'ಹೆಂಡತಿಗೆ ಕಾಯಿಲೆ, ಮೂರು ವರ್ಷದಿಂದ ಅವಳೂ ಅದೇ ಕೋಣೇಲಿ ಮಲಗ್ತಾಳೆ, ಇದು ತೋರಿಸ್ಬೇಕು ಅಂತ ಗೊತ್ತಿರ್ಲಿಲ್ಲ, ತಿದ್ದಿಕೊಡ್ತೀವಿ.' ಅಷ್ಟೇ. ಫುಲ್‌ಸ್ಟಾಪ್. ಆಮೇಲೆ ಬಾಯಿಗೆ ಬೀಗ. ಅಳೋದೂ ಬೇಡ, ನಗೋದೂ ಬೇಡ. ಹೇಳು."

ಹಲ್ಲಿನಣ್ಣ ಹೇಳಿದ. ಒಂದು ಸಲ ಅಳುತ್ತ, ಒಂದು ಸಲ ಅರ್ಜಿ ಓದಿದಂತೆ, ಒಂದು ಸಲ ಮೇಡಂ ಮೇಲೆ ಜಗಳಕ್ಕೆ ಹೋದಂತೆ. ಸಂಜೆ ಹೊತ್ತಿಗೆ ವಾಕ್ಯ ಅವನ ಬಾಯಿಗೆ ಒಗ್ಗಿತು. ಹೊಸ ಹಲ್ಲು ಒಗ್ಗುವುದಕ್ಕೂ ಅಷ್ಟು ಹೊತ್ತು ಬೇಕು, ಅವನೇ ಹೇಳಿದ.

ಕೆಲವು ದಿನ ಕಳೆದು ಗಿಳಿ ಎರಡನೇ ಸುತ್ತು ಶುರುಮಾಡಿದ. ಬರೀ ಫೋನು ಮಾಡಿ ಸುಮ್ಮನಾಗಿದ್ದರೆ ಗಿಳಿ ಗಿಳಿಯಾಗುತ್ತಿರಲಿಲ್ಲ. ಹಲ್ಲಿನಣ್ಣನ ಮನೆಯ ಎದುರಿನ ಬೇಕರಿಯಲ್ಲಿ ನಿಂತು ಮೂಗು ಹಿಡಿದುಕೊಂಡು, "ನಿಮ್ಮ ಬಾಗಿಲಲ್ಲೇ ಇದೀನಿ. ಕೋಣೆ ನೋಡ್ಬೇಕಿತ್ತು. ಮೇಲೆ ಬರ್ಲಾ?" ಎಂದ. ಆಮೇಲೆ ಮೌನ.

ಹಲ್ಲಿನಣ್ಣನಿಗೆ ಕಟ್ಟಿಕೊಟ್ಟ ವಾಕ್ಯ ಬುಡಸಮೇತ ಕಿತ್ತುಬಂತು. "ಬನ್ನಿ ಮೇಡಂ, ಇಲ್ಲಿ ಮಂಚ ಗಿಂಚ ಏನೂ ಇಲ್ಲ ಮೇಡಂ, ಒಂದೈದು ನಿಮಿಷ ಬಿಟ್ಟು ಬನ್ನಿ," ಎಂದು ಫೋನಿಟ್ಟ.

ಗಿಳಿ ನಗು ತಡೆಯಲಾರದೆ ಬೇಕರಿಯವನ ಕೌಂಟರಿನ ಮೇಲೆ ಬಿದ್ದು ಹೊರಳಾಡಿದ. ನಗುತ್ತಲೇ ರಸ್ತೆ ದಾಟಿದ, ನಗುತ್ತಲೇ ಮೆಟ್ಟಿಲು ಹತ್ತಿದ. ಬಾಗಿಲು ಅರ್ಧ ತೆರೆದಿತ್ತು. ಎರಡು ಕೋಣೆಗಳ ನಡುವಿನ ಚೌಕಟ್ಟಿನಲ್ಲಿ ಮಂಚ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಹಲ್ಲಿನಣ್ಣ ಅದನ್ನು ಭುಜ ಕೊಟ್ಟು ನೂಕುತ್ತಿದ್ದ. ಆಚೆಯ ತೇವದ ಕೋಣೆಯಲ್ಲಿ, ಬರಿ ನೆಲದ ಮೇಲೆ, ಹೊದಿಕೆ ಸುತ್ತಿಕೊಂಡು ಅವನ ಹೆಂಡತಿ ಕೂತಿದ್ದಳು. ಗಂಡ ಅವಳನ್ನು ಎತ್ತಿಕೊಂಡು ಹೋಗಿ ಅಲ್ಲಿ ಇಳಿಸಿದ್ದ. ಕೆಮ್ಮಿ ಕೆಮ್ಮಿ ಅವಳ ಬಾಯಿ ನೀಲಿಯಾಗಿತ್ತು.

ಗಿಳಿ ಮಂಚದ ಈ ತುದಿ ಹಿಡಿದ. "ಅಣ್ಣಾ, ನಾನು... ನಾನೇ ಅಣ್ಣಾ. ತಾಲೀಮು."

ಹಲ್ಲಿನಣ್ಣ ಮಂಚ ಬಿಟ್ಟ. ಅವನ ಬೆರಳು ಜಜ್ಜಿಹೋಗಿತ್ತು. ಬಯ್ಯಲಿಲ್ಲ. ಇಬ್ಬರೂ ಸೇರಿ ಅವಳನ್ನು ಒಲೆಯ ಹತ್ತಿರಕ್ಕೆ ತಂದರು. ಉಸಿರು ಸ್ವಲ್ಪ ನೆಟ್ಟಗಾದ ಮೇಲೆ ಮೊದಲು ಮಾತಾಡಿದ್ದು ಅವಳೇ.

"ನಿಮ್ಮ ಮೇಡಂಗೆ ಹೇಳಪ್ಪಾ ಗಿಳಿರಾಯ. ಮುಂದಿನ ಸಲ ಬರೋ ಮುಂಚೆ ಹೇಳಿದ್ರೆ ಮಂಚಕ್ಕೆ ಚಕ್ರ ಹಾಕಿಸಿಡ್ತೀವಿ."

"ತಪ್ಪಾಯ್ತು ಅತ್ತಿಗೆ."

"ತಪ್ಪಾಯ್ತು ಅಂತ ನೀನಾಗೇ ಹೇಳ್ದೆಯಲ್ಲ, ಕಂತಲ್ಲಿ ಬಯ್ತೀನಿ ಬಿಡು."

ಆ ವಾರವಿಡೀ ಅವಳ ಜ್ವರ ಇಳಿಯಲಿಲ್ಲ. ಮನೆಯಲ್ಲಿ ಹುಷಾರಿಲ್ಲವೆಂದು ಕಚೇರಿಗೆ ಹೇಳಿ ಮೇಷ್ಟ್ರು ವಿಚಾರಣೆಯನ್ನು ಮುಂದಕ್ಕೆ ಹಾಕಿಸಿದರು. ಗಿಳಿಯ ಮುಖದ ನೀರಿಳಿಸಿದರು. "ಲೋ, ಫೋನ್ ಮಾಡು ಅಂದ್ರೆ ಮನೆ ಬಾಗಿಲಿಗೆ ಹೋಗ್ತೀಯೇನೋ?" ಆದರೂ ಕೊನೆಗೆ ಅವರೇ ಹೇಳಿದರು: ಭಯ ಹೋಗದೆ ಅವನನ್ನು ಕಚೇರಿಗೆ ಕರೆದುಕೊಂಡು ಹೋಗುವಂತಿಲ್ಲ, ಇನ್ನೊಂದು ಸಲ ಫೋನ್ ಮಾಡಲೇಬೇಕು. ಬರೀ ಫೋನು. ಹಲ್ಲಿನಣ್ಣನಿಗೂ ಅದನ್ನು ತಿಳಿಸಿದರು.

"ಮಾಡ್ಲಿ ಸಾರ್," ಎಂದ ಅವನು. "ಈ ಸಲ ನಾನು ಹೆದರಿದ್ರೆ ಕೇಳಿ."

ಅವನು ಫೋನಿಗಾಗಿ ಕಾಯತೊಡಗಿದ. ಮೊದಲ ಸಲ ತನ್ನ ಮನೆಯಲ್ಲೇ ತಾನು ಕಳ್ಳನಂತೆ ಮಂಚ ಹೊತ್ತದ್ದು, ಕಾಯಿಲೆಯ ಹೆಂಡತಿಯನ್ನು ನೆಲಕ್ಕೆ ಇಳಿಸಿದ್ದು, ಇವೆರಡನ್ನೂ ಅವನು ಮರೆತಿರಲಿಲ್ಲ. ಈ ಸಲ ಗಿಳಿಯ ಬಾಯಿಗೆ ಗಿಳಿಯ ಮೆಣಸಿನಕಾಯಿಯನ್ನೇ ತುರುಕಬೇಕು ಎಂದು ಗಂಡ ಹೆಂಡತಿ ಇಬ್ಬರೂ ಸೇರಿ ಮಾತು ಹೊಂದಿಸಿಟ್ಟುಕೊಂಡರು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿಸಿದ್ದು ಆಗಲೇ ಎಂದು ಕೆಳಗಿನ ಮನೆಯವರು ಆಮೇಲೆ ಹೇಳಿದರು.

ಫೋನು ಬಂದದ್ದು ಒಂದು ಮಧ್ಯಾಹ್ನ. ಅದೇ ಮೂಗಿನ ದನಿ.

"ತೆರಿಗೆ ಕಚೇರಿಯಿಂದ. ನಿಮ್ಮ ಮನೇಲಿ ಹುಷಾರಿಲ್ಲ ಅಂತ ನಿಮ್ಮ ಸಲಹೆಗಾರರು ಹೇಳಿದ್ರು. ಕೋಣೆ ನೋಡೋಕೆ ಯಾವತ್ತು ಬಂದ್ರೆ ನಿಮಗೆ ಅನುಕೂಲ ಅಂತ ಕೇಳೋಣ ಅಂತ."

ಹಲ್ಲಿನಣ್ಣ ಹೆಂಡತಿಗೆ ಕಣ್ಣು ಹೊಡೆದ. "ಯಾವತ್ತಾದ್ರೂ ಬನ್ನಿ ಮೇಡಂ. ದಿಂಬು ಮಾತ್ರ ನೀವೇ ತನ್ನಿ."

ಮೌನ.

"ಕೆಲಸದ ಕೋಣೆ ಅಂತ ಬರೆದಿದೀವಲ್ಲ, ಅದು ಸುಮ್ನೆ ಮೇಡಂ. ಇಲ್ಲಿ ನಾವು ಮಾಡೋದು ಒಂದೇ ಕೆಲಸ, ನಿದ್ದೆ. ಮೂರು ವರ್ಷದಿಂದ ನಿಮ್ಮ ಖರ್ಚಲ್ಲೇ ಗೊರಕೆ ಹೊಡೀತಿದೀವಿ. ಏನೇ, ಹೌದಾ ಅಲ್ವಾ?"

ಮಂಚದ ಮೇಲಿಂದ ಹೆಂಡತಿ ತನ್ನ ಶಕ್ತಿಯೆಲ್ಲ ಸೇರಿಸಿ ಕೂಗಿದಳು. "ಒಲೆ ಇಟ್ಟಿರೋದೇ ಕಾಲು ಕಾಯಿಸ್ಕೊಳ್ಳೋಕೆ ಮೇಡಂ! ಹಲ್ಲು ಗಿಲ್ಲು ಎಲ್ಲ ನಾಟಕ!"

ಮತ್ತೆ ಮೌನ. ಹಿಂದೆಲ್ಲ ಅವನನ್ನು ಬೀಳಿಸಿದ್ದ ಗುಂಡಿ ಅದು. ಈ ಸಲ ಹಲ್ಲಿನಣ್ಣ ಅದರೊಳಕ್ಕೆ ಖುಷಿಯಿಂದ ಧುಮುಕಿದ.

"ನೋಡು ಗಿಳಿ, ಒಂದ್ ಮಾತು ಹೇಳ್ತೀನಿ ಬೇಜಾರು ಮಾಡ್ಕೋಬೇಡ. ಹೋದ ಸಲ ಮೇಡಂ ಥರಾನೇ ಇತ್ತು. ಇವತ್ತು ಮೂಗು ಜಾಸ್ತಿಯಾಯ್ತು. ನಿಜವಾದ ಮೇಡಂ ಇಷ್ಟು ಮರ್ಯಾದೆಯಾಗಿ ಮಾತಾಡಲ್ಲ ಕಣಯ್ಯಾ."

ಆ ಕಡೆಯಿಂದ ತೀರಾ ಮೆಲ್ಲಗೆ ಉತ್ತರ ಬಂತು. "ನಾಳೆ ಬೆಳಿಗ್ಗೆ ನಿಮ್ಮ ಸಲಹೆಗಾರರನ್ನೂ ಕರ್ಕೊಂಡು ಕಚೇರಿಗೆ ಬನ್ನಿ. ಆ ಗಿಳಿಯನ್ನೂ."

"ಬರ್ತೀವಿ ಬರ್ತೀವಿ. ಟೀ ಕಾಯಿಸಿಟ್ಟಿರಿ!"

ಫೋನಿಟ್ಟು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, ಹೊಗಳಿಸಿಕೊಳ್ಳುವ ಆಸೆಯಿಂದ, ಹಲ್ಲಿನಣ್ಣ ಗಿಳಿಗೆ ಫೋನ್ ಮಾಡಿದ.

"ಹೆಂಗಿತ್ತು ನನ್ನ ಉತ್ತರ?"

"ಯಾವ ಉತ್ತರ ಅಣ್ಣಾ?"

"ನಾಟಕ ಸಾಕು. ದಿಂಬು ತನ್ನಿ ಅಂದ್ನಲ್ಲ."

"ನಾನಿವತ್ತು ಫೋನೇ ಮಾಡಿಲ್ಲ. ಬೆಳಿಗ್ಗೆಯಿಂದ ಭಾವನ ಜೊತೆ ಗಾಜಿನವನ ಕೆಲಸದ ಮೇಲಿದೀನಿ... ಅಣ್ಣಾ? ಯಾರ ಜೊತೆ ಮಾತಾಡ್ದೆ?"

ಗಿಳಿಗೆ ಫೋನಿನಲ್ಲಿ ಒಲೆಯ ಗುಂಯ್ ಎನ್ನುವ ಸದ್ದು, ಅದರ ಹಿಂದೆ ಇನ್ನೂ ನಗುತ್ತಿದ್ದ ಅತ್ತಿಗೆಯ ಸದ್ದು ಕೇಳಿಸಿತು. "ಏನಂತೆ ರೀ? ಸೋತೆ ಅಂತ ಒಪ್ಕೊಂಡ್ನಾ?"

ಮರುದಿನ ಬೆಳಿಗ್ಗೆ ಮೂವರೂ ಕಚೇರಿಯ ಉದ್ದದ ಓಣಿಯಲ್ಲಿ ಕೂತರು. ಮೇಷ್ಟ್ರು ಒಂದೇ ಸಮನೆ ಕನ್ನಡಕ ಒರೆಸುತ್ತಿದ್ದರು. ಮೇಡಂ ಒಳಗೆ ಕರೆದು ಮೂರು ಕುರ್ಚಿ ಹಾಕಿಸಿದರು. ಬಯ್ಯಲಿಲ್ಲ. ಎದುರಿಗೆ ಒಂದು ಹಾಳೆ, ಅದರ ಮೇಲೆ ನಿನ್ನೆಯ ಮಾತುಗಳು, ದಿಂಬಿನಿಂದ ಹಿಡಿದು ಗೊರಕೆಯವರೆಗೆ.

ಮೇಷ್ಟ್ರು ಎಲ್ಲ ಹೇಳಿದರು. ತಾಲೀಮು ಏನು, ಏಕೆ, ಆ ಬಡಪಾಯಿಗೆ ಯಾವ ವಾಕ್ಯ ಕಲಿಸಿತ್ತು, ಅದು ತಿದ್ದುಪಡಿಯ ವಾಕ್ಯ, ಮುಚ್ಚಿಡುವುದಲ್ಲ. ಹಲ್ಲಿನಣ್ಣನಿಗೆ ತಿವಿದು, "ಹೇಳಯ್ಯಾ," ಎಂದರು. ಹಲ್ಲಿನಣ್ಣ ಹೇಳಿದ. ಅಳಲಿಲ್ಲ, ನಗಲಿಲ್ಲ, ಒಂದಕ್ಷರ ಜಾಸ್ತಿ ಆಗಲಿಲ್ಲ. ತಾಲೀಮಿನ ಚರಿತ್ರೆಯಲ್ಲೇ ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

"ಇದನ್ನೇ ನಿನ್ನೆ ಹೇಳಿದ್ರಿ," ಎಂದರು ಮೇಡಂ. "ಮಾತು ಇದೇ. ದನಿ ಬೇರೆ ಇತ್ತು. ನಾನು ಯಾವ ದನೀನ ನಂಬ್ಲಿ?"

"ಗಿಳಿ ಯಾರು?" ಎಂದು ಅವರೇ ಕೇಳಿದರು.

ಗಿಳಿ ಎದ್ದು ನಿಂತ.

"ಮಾಡಿ. ನಾನು ಮಾತಾಡೋದು ಹೇಗೆ ಅಂತ ನಂಗೂ ಕೇಳ್ಬೇಕು."

"ಮೇಡಂ, ದಯವಿಟ್ಟು..."

"ಮಾಡಿ."

ಗಿಳಿ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ನೆಲ ನೋಡುತ್ತಿದ್ದರು. ಕೊನೆಗೆ ಕುತ್ತಿಗೆ ವಾಲಿಸಿ, ಮೂಗಿನ ದನಿಯಲ್ಲಿ, "ಆ ಕೋಣೇಲಿ ಕೆಲಸ ಬಿಟ್ಟು ಬೇರೇನಾದ್ರೂ ನಡೆಯುತ್ತಾ?" ಎಂದು ಸುಮ್ಮನಾದ. ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದ ಗುಮಾಸ್ತೆ ಪಕ್ಕನೆ ನಕ್ಕು ಫೈಲಿನಿಂದ ಬಾಯಿ ಮುಚ್ಚಿಕೊಂಡಳು. ಅನುಕರಣೆ ಅಷ್ಟು ಚೆನ್ನಾಗಿತ್ತು. ಗಿಳಿ ತನ್ನ ಬಾಳಿನಲ್ಲಿ ಚೆನ್ನಾಗಿ ಮಾಡಬಾರದಿದ್ದ ದಿನ ಅದೊಂದೇ.

ಮೇಡಂ ನಗಲಿಲ್ಲ. ಕರವಸ್ತ್ರದಿಂದ ಮೂಗು ಒರೆಸಿಕೊಂಡರು. "ನಿನ್ನೆ ನಾನು ಫೋನ್ ಮಾಡೋ ಅಗತ್ಯ ಇರ್ಲಿಲ್ಲ. ಹೇಳದೆ ಬರಬಹುದಿತ್ತು. ಕಾಯಿಲೆಯವರಿದ್ದಾರಲ್ಲ ಅಂತ ಕೇಳಿದೆ." ಹಾಳೆಯ ಮೇಲೆ ಬೆರಳಿಟ್ಟರು. "ಮಂಚ ಇದೆ ಅಂತ ಗೊತ್ತಿಲ್ದೆ ಬಿಟ್ಟಿದ್ರೆ ತಪ್ಪು. ಗೊತ್ತಿದ್ದು, ಅದನ್ನ ಹೇಳ್ಕೊಂಡು ನಗ್ತಾ ಇದ್ರೆ ಅದನ್ನ ನಾನು ಏನಂತ ಬರೀಲಿ, ಮೇಷ್ಟ್ರೇ? ನೀವೇ ಒಂದು ವಾಕ್ಯ ಕಟ್ಟಿಕೊಡಿ."

ಮೇಷ್ಟ್ರಿಗೆ ವಾಕ್ಯ ಸಿಗಲಿಲ್ಲ. ಮೇಡಂ ಮೋಸ ಎಂದು ಬರೆದು ದಂಡ ಹಾಕಿದರು.

ಆಮೇಲೆ ಮೇಲಿನವರಿಗೆ ಬರೆದದ್ದು, ಕಂತಿಗೆ ಬೇಡಿದ್ದು, ಮೇಷ್ಟ್ರು ತಮ್ಮ ಕೈಯಿಂದ ಕೊಡಲು ಹೋಗಿ ಅದೂ ಸಾಲದಾದದ್ದು, ಇವನ್ನೆಲ್ಲ ಉದ್ದ ಮಾಡುವುದಿಲ್ಲ. ಊರಿಗೆಲ್ಲ ಹಲ್ಲು ಕಟ್ಟಿದವನಿಗೆ ದಂಡ ಕಟ್ಟಲಾಗಲಿಲ್ಲ. ಗಿಳಿ ಆ ದಿನದಿಂದ ಯಾರ ದನಿಯನ್ನೂ ಮಾಡಲಿಲ್ಲ. ಮೇಷ್ಟ್ರೇ ಕೇಳಿದರೂ, "ಆಗಲ್ಲ ಭಾವ, ಬರೀ ನಂದೇ ಬರುತ್ತೆ," ಎನ್ನುತ್ತಿದ್ದ.

ಒಲೆ ಎತ್ತಲು ಬಂದ ದಿನ ಚಳಿ ಮೂಳೆಗೆ ಇಳಿಯುತ್ತಿತ್ತು. ಇಬ್ಬರು ಹಮಾಲರು, ಅವರ ಹಿಂದೆ ಮೇಡಂ. ಕಟ್ಟಡದ ಲಿಫ್ಟು ಕೆಟ್ಟಿತ್ತು. ಮೇಡಂ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮೂಗು ಕೆಂಪಾಗಿ ಉಸಿರು ಕಟ್ಟಿತ್ತು. ಗಿಳಿ ಮೊದಲೇ ಬಂದು ಅಚ್ಚುಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದ. ಹಲ್ಲಿನಣ್ಣ ಸ್ಟೂಲಿನ ಮೇಲೆ ಕೂತಿದ್ದ. ಹೆಂಡತಿ ಮಂಚದ ಮೇಲೆ, ಗೋಡೆಗೆ ಒರಗಿ.

ಹಮಾಲರಲ್ಲಿ ಒಬ್ಬ ಒಲೆಗೆ ಕೈ ಹಾಕಿ ಹಾವು ಕಚ್ಚಿದಂತೆ ಕಿತ್ತುಕೊಂಡ.

"ಅಯ್ಯಪ್ಪಾ! ಉರೀತಾ ಇದೆಯಲ್ಲ ಇದು!"

"ಬೆಳಿಗ್ಗೆ ಒಂದು ಕೆಲಸ ಇಟ್ಟಿದ್ದೆ," ಎಂದ ಹಲ್ಲಿನಣ್ಣ. "ಯಾರದೋ ಮೇಲಿನ ಸಾಲು. ಒಪ್ಕೊಂಡಿದ್ದೆ, ಕೊಡಬೇಕಲ್ಲ. ಈಗ ತೆಗೆದ್ರೆ ಒಳಗಿನ ಗೂಡು ಬಿರುಕು ಬಿಡುತ್ತೆ. ಆಮೇಲೆ ಹರಾಜಲ್ಲಿ ನಿಮಗೇ ಏನೂ ಹುಟ್ಟಲ್ಲ."

"ಎಷ್ಟು ಹೊತ್ತು?" ಎಂದರು ಮೇಡಂ.

"ಅದು ಆರಿದಾಗ."

ಮೇಡಂ ಕೋಣೆಯ ಸುತ್ತ ನೋಡಿದರು. ಇದ್ದದ್ದು ಒಂದು ಸ್ಟೂಲು, ಅದರ ಮೇಲೆ ಹಲ್ಲಿನಣ್ಣ. ಅವನು ಎದ್ದು ಒರೆಸಿದ, ಪ್ಲಾಸ್ಟರಿನ ಹಿಟ್ಟು ಹೋಗಲಿಲ್ಲ. ಮಂಚದ ಮೇಲಿಂದ ಹೆಂಡತಿ ಕಾಲು ಮಡಚಿಕೊಂಡಳು.

"ಇಲ್ಲಿ ಕೂತ್ಕೊಳ್ಳಿ ಮೇಡಂ. ನಿಮ್ಗೂ ಉಸಿರು ಕಟ್ಟಿದೆ, ನಂಗೂ ಕಟ್ಟಿದೆ. ಇಬ್ರಿಗೂ ಇದೇ ಜಾಗ ವಾಸಿ."

ಮೇಡಂ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಮಂಚದ ತುದಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತರು. ಹಮಾಲರು ನೆಲದ ಮೇಲೆ ಕೂತು ಒಲೆಯ ಕಡೆ ಅಂಗೈ ಚಾಚಿದರು. ಒಲೆ ಆಗೊಮ್ಮೆ ಈಗೊಮ್ಮೆ ಚಟ್ ಎನ್ನುತ್ತಿತ್ತು. ಆಚೆಯ ಕೋಣೆಯ ತೇವದ ವಾಸನೆ ಬಾಗಿಲವರೆಗೆ ಬಂದು ಅಲ್ಲೇ ನಿಂತಿತ್ತು. ಹಲ್ಲಿನಣ್ಣ ಹೆಂಡತಿಯ ಔಷಧಿ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಿದ್ದ. ಎಲ್ಲಿಗೆ ಹೋಗುವುದೆಂದು ಇನ್ನೂ ಗೊತ್ತಾಗಿರಲಿಲ್ಲ. ಈ ಮನೆಯ ಬಾಡಿಗೆ ಕೊಡುವುದು ಮಾತ್ರ ಇನ್ನು ಸಾಧ್ಯವಿರಲಿಲ್ಲ.

ಮೊದಲು ನೋಡಿದವನು ಗಿಳಿ. ಮೇಡಂನ ಕುತ್ತಿಗೆ ಮೆಲ್ಲಗೆ ವಾಲಿತ್ತು. ಚೀಲ ತೊಡೆಯಿಂದ ಜಾರಿ ಹಾಸಿಗೆಯ ಮೇಲೆ ಕೂತಿತ್ತು. ಶಾಖಕ್ಕೆ ಅವರ ಕಟ್ಟಿದ ಮೂಗು ಬಿಟ್ಟುಕೊಂಡಿತ್ತು. ಬಾಯಿ ಸ್ವಲ್ಪ ತೆರೆದು, ಮಗುವಿನಂತೆ ಉಸಿರಾಡುತ್ತಿದ್ದರು. ಗಿಳಿ ತಲೆ ತಗ್ಗಿಸಿದ. ಹಮಾಲರು ಒಬ್ಬರನ್ನೊಬ್ಬರು ನೋಡಿ ಮುಖ ಬೇರೆ ಕಡೆ ತಿರುಗಿಸಿದರು. ಕೂಲಿ ಕೊಡುವವರ ನಿದ್ದೆ, ನಗುವುದು ಹೇಗೆ?

ಹೆಂಡತಿ ತನ್ನ ಹೊದಿಕೆಯ ಒಂದು ತುದಿಯನ್ನು ಎಳೆದು ಮೇಡಂನ ಮಂಡಿಯ ಮೇಲೆ ಹಾಕಿದಳು. ಆಮೇಲೆ ಗಂಡನ ಕಡೆ ತಿರುಗಿ ಪಿಸುಗುಟ್ಟಿದಳು.

"ರೀ, ಮೆತ್ತಗೆ. ಡ್ಯೂಟಿ ಮಾಡ್ತಾ ಇದಾರೆ."

ಗಿಳಿಯ ಮೂಗಿನಿಂದ ಒಂದು ಸದ್ದು ಹೊರಟಿತು. ಒಬ್ಬ ಹಮಾಲ ಅಂಗಿಯ ತೋಳು ಕಚ್ಚಿಕೊಂಡ. ಇನ್ನೊಬ್ಬನ ಭುಜ ಕುಲುಕಲು ಶುರುವಾಯಿತು. ಹೆಂಡತಿ ನಗುತ್ತ ಕೆಮ್ಮಿದಳು, ಕೆಮ್ಮುತ್ತ ನಕ್ಕಳು. ಹಲ್ಲಿನಣ್ಣ ಮಾತ್ರ ಬಾಟಲಿ ಹಿಡಿದು ಗರ ಬಡಿದವನಂತೆ ನಿಂತಿದ್ದ. ನಿದ್ದೆ ಮಾಡುತ್ತಿದ್ದ ಹೆಂಗಸನ್ನು ನೋಡಿದ, ಒಲೆಯನ್ನು ನೋಡಿದ, ಮತ್ತೆ ಹೆಂಗಸನ್ನು ನೋಡಿದ. ಅವನ ಗಂಟಲಿನಿಂದ ಮೊದಲು ಬಂದದ್ದು ಅಳುವೋ ನಗುವೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅದು ತೆರೆದುಕೊಂಡಿತು. ಬಾಟಲಿ ಕೈಯಿಂದ ಬಿದ್ದು ಒಡೆಯಿತು, ಮೇಡಂ ದಡಬಡಿಸಿ ಎದ್ದು ನಿಂತರು, ಹಮಾಲರು ಬಾಯಿ ಮುಚ್ಚಿಕೊಂಡು ಒಲೆಯ ಎರಡು ಕಡೆ ಹೋಗಿ ನಿಂತರು. ಆ ಕೋಣೆಯಲ್ಲಿ ಎಲ್ಲರ ನಗುವೂ ನಿಂತಮೇಲೂ ಹಲ್ಲಿನಣ್ಣ ಒಬ್ಬನೇ, ಗೋಡೆ ಹಿಡಿದುಕೊಂಡು, ಕೆಳಗಿನ ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡುವಷ್ಟು ಜೋರಾಗಿ ನಗುತ್ತಿದ್ದ.